ತಾಯಿ ಕಂಡ ಬೇಸಿಗೆ

ಹೆಣ್ಣು ನೋಡಲು ಹೊರಟವರಿಗೆ ನಮ್ಮ ಹಿರಿಯರು ಹೇಳಿಕೊಡುತ್ತಿದ್ದ ಮೊದಲ ಪಾಠ ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬುದು. ಮಗಳನ್ನು ನೋಡುವ ನೆಪದಲ್ಲಿ ತಾಯಿಯನ್ನೂ ನೋಡಿಕೊಂಡು ಬರುವ ಜಾಣತನ ಆ ಮಾತಿನಲ್ಲಿ ಅಡಗಿದೆ. ಗಾದೆಯ ಪೂರ್ವಾರ್ಧವನ್ನು ಒಪ್ಪದ ಹೆಣ್ಣುಮಕ್ಕಳು ಈಗ ಮನೆಮನೆಯಲ್ಲಿಯೂ ಇದ್ದಾರೆ. ಆ ವಿವಾದಕ್ಕೆ ನಾನು ಹೋಗುವುದಿಲ್ಲ. ಆದರೆ ಇದೇ ಗಾದೆಯನ್ನು ಮದುವೆಯ ಮನೆಯಿಂದ ಹೊರಗೆ ತಂದು, ದನದ ಕೊಟ್ಟಿಗೆಗೂ ರೇಷ್ಮೆಹುಳು ಸಾಕುವ ಮನೆಗೂ ಕೊಂಡೊಯ್ದರೆ ಅದಕ್ಕೆ ಜೀವವಿಜ್ಞಾನಿಗಳು ಒಂದು ವಿಚಿತ್ರವಾದ ಬಾಲವನ್ನು ಅಂಟಿಸಿರುವುದು ಕಾಣುತ್ತದೆ. ಮಗಳು ತಾಯಿಯನ್ನು ಹೋಲುವುದು ಸರಿಯೆ. ತಾಯಿ ಯಾವ ಬೇಸಿಗೆಯನ್ನು ಕಂಡಿದ್ದಳೋ ಆ ಬೇಸಿಗೆಯೂ ಮಗಳ ಮೈಯಲ್ಲಿ ಗುರುತು ಬಿಟ್ಟಿರಬಹುದು ಎನ್ನುತ್ತಾರೆ ಅವರು.

ಇದನ್ನು ವಿಚಾರಿಸುವುದಕ್ಕೆ ಹಾಸನದ ಸೀಮೆ ಬಹಳ ಅನುಕೂಲವಾದದ್ದು. ಹಾಸನದವರು ತಮ್ಮ ಊರನ್ನು ‘ಬಡವರ ಊಟಿ’ ಎಂದು ಕರೆದುಕೊಳ್ಳುತ್ತಾರೆ. ಊರು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಮೇಲೆ ಇರುವುದರಿಂದ ಆ ಹೆಮ್ಮೆಗೆ ಆಧಾರವಿಲ್ಲದಿಲ್ಲ. ಅಲ್ಲಿಂದ ತೆಂಕಣಕ್ಕೆ ಅರಕಲಗೂಡಿನ ಕಡೆ ಇಳಿದರೆ ಮಲೆನಾಡಿನ ಸೆರಗು. ಹೊಗೆಸೊಪ್ಪು, ಆಲೂಗೆಡ್ಡೆ, ರಾಮನಾಥಪುರದ ಕಾವೇರಿ. ಹೊಳೆನರಸೀಪುರದಲ್ಲಿ ಹೇಮಾವತಿಯ ದಂಡೆ. ಮೂಡಣಕ್ಕೆ ಚನ್ನರಾಯಪಟ್ಟಣದ ದಾರಿ ಹಿಡಿದರೆ ಮಳೆ ಕಡಿಮೆಯಾಗುತ್ತ, ತೆಂಗಿನ ಸಾಲುಗಳು ಹೆಚ್ಚುತ್ತ, ಬಯಲುಸೀಮೆ ತೆರೆದುಕೊಳ್ಳುತ್ತದೆ. ಮೂರೂ ಊರುಗಳು ಹಾಸನದಿಂದ ಮೂವತ್ತು ನಲವತ್ತು ಕಿಲೋಮೀಟರಿನೊಳಗಿನವು. ಇಷ್ಟು ಹತ್ತಿರದಲ್ಲಿ ಇಷ್ಟು ಬಗೆಯ ಹವೆ! ಈ ಊರುಗಳ ಸುತ್ತ ಹಾಲಿಗಾಗಿ ಹಸು ಕಟ್ಟಿದವರೂ ಉಂಟು, ಹಿಪ್ಪುನೇರಳೆ ಬೆಳೆದು ಹುಳು ಸಾಕುವವರೂ ಉಂಟು.

ಈ ಎರಡು ಕಸುಬುಗಳಲ್ಲಿಯೂ ಒಂದು ಹಳೆಯ ಜಗಳವಿದೆ. ರೇಷ್ಮೆಯ ಬೆಳೆ ಕೆಟ್ಟಾಗ ರೈತ ‘ಬಿತ್ತನೆ ಸರಿಯಿಲ್ಲ’ ಎನ್ನುತ್ತಾನೆ. ಮೊಟ್ಟೆ ಕೊಟ್ಟವರು ‘ಸಾಕಣೆ ಸರಿಯಿಲ್ಲ’ ಎನ್ನುತ್ತಾರೆ. ಹೆಸರಾದ ಹೋರಿಗೆ ಹುಟ್ಟಿದ ಕಡಸು ಎಣಿಸಿದಷ್ಟು ಹಾಲು ಕೊಡದಿದ್ದರೂ ಇದೇ ವಾದ: ತಳಿಯ ದೋಷವೋ, ಮೇವಿನ ದೋಷವೋ? ಬೀಜ ಪ್ರಧಾನವೋ, ಕ್ಷೇತ್ರ ಪ್ರಧಾನವೋ ಎಂದು ನಮ್ಮ ಧರ್ಮಶಾಸ್ತ್ರಕಾರರೂ ತಲೆಕೆಡಿಸಿಕೊಂಡವರೇ. ಈ ವಾದದಲ್ಲಿ ಎರಡು ಪಕ್ಷಗಳೂ ಒಂದು ವಿಷಯವನ್ನು ಮರೆಯುತ್ತವೆ. ಬೀಜದೊಳಗೆ ಬರೆದಿರುವುದು ಒಂದು. ಬರೆದದ್ದರಲ್ಲಿ ಎಷ್ಟನ್ನು, ಯಾವಾಗ ಓದಲಾಗುತ್ತದೆ ಎಂಬುದು ಇನ್ನೊಂದು.

ಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗವನ್ನು ನೆನೆಯಿರಿ. ಯುಗಾದಿಯಿಂದ ಅಮಾವಾಸ್ಯೆಯವರೆಗೆ, ಹಬ್ಬ, ಏಕಾದಶಿ, ಗ್ರಹಣ, ವಿವಾಹ ಮುಹೂರ್ತ ಎಲ್ಲವೂ ಅದರಲ್ಲಿ ಅಚ್ಚಾಗಿವೆ. ಆದರೆ ಮನೆಯೊಡತಿ ಒಂದು ದಿನಕ್ಕೆ ಓದುವುದು ಒಂದೇ ಸಾಲು. ಏಕಾದಶಿಯ ಸಾಲು ಕಂಡರೆ ಒಲೆ ತಣ್ಣಗಿರುತ್ತದೆ. ಗೌರಿಯ ಹಬ್ಬದ ಸಾಲು ಕಂಡರೆ ಬೆಲ್ಲ ಕರಗುತ್ತದೆ. ಪುಸ್ತಕ ಬದಲಾಗಲಿಲ್ಲ, ಅಡಿಗೆ ಬದಲಾಯಿತು. ಪ್ರಾಣಿಯ ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ಇಂಥದೇ ಒಂದು ಪಂಚಾಂಗವಿದೆ. ಅದರ ಒಂದೊಂದು ಸಾಲು ಒಂದೊಂದು ವಂಶವಾಹಿ. ಹಸುವಿನ ಕೊಂಬಿನ ಕೋಶವೂ ಕೆಚ್ಚಲಿನ ಕೋಶವೂ ಇಟ್ಟುಕೊಂಡಿರುವುದು ಒಂದೇ ಪುಸ್ತಕ. ಓದುವ ಸಾಲು ಬೇರೆ. ಸಾಲನ್ನು ಓದಿ ಅದರಂತೆ ಅಡಿಗೆ ನಡೆಯುವುದಕ್ಕೆ ವಂಶವಾಹಿ ವ್ಯಕ್ತವಾಗುವುದು ಎಂದು ಹೆಸರು.

ಈ ಓದನ್ನು ಹೊರಗಿನ ಹವೆ ಬದಲಾಯಿಸಬಲ್ಲದೆಂಬುದು ಪ್ರಾಣಿಗಳಲ್ಲಿ ಕಣ್ಣಿಗೆ ಬಿದ್ದ ಕಥೆ ಸೊಗಸಾಗಿದೆ. ಇಟಲಿಯಲ್ಲಿ ಫೆರೂಚಿಯೊ ರಿಟೊಸ್ಸಾ ಎಂಬ ತರುಣ ವಿಜ್ಞಾನಿ ಹಣ್ಣುನೊಣದ ಮರಿಗಳ ಜೊಲ್ಲುಗ್ರಂಥಿಯ ಕೋಶಗಳನ್ನು ಪರೀಕ್ಷಿಸುತ್ತಿದ್ದ. ಯಾರೋ ಒಬ್ಬರು ಕೋಶಗಳನ್ನಿಟ್ಟಿದ್ದ ಪೆಟ್ಟಿಗೆಯ ಶಾಖವನ್ನು ಹೆಚ್ಚಿಸಿಬಿಟ್ಟರು. ಮಾರನೆಯ ಸಲ ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ, ವರ್ಣತಂತುಗಳ ಮೇಲೆ ಹಿಂದೆ ಕಾಣದಿದ್ದ ಕಡೆ ಪೂರಿಯಂತೆ ಉಬ್ಬುಗಳು! ಶಾಖಕ್ಕೆ ಉತ್ತರವಾಗಿ ಕೆಲವು ವಂಶವಾಹಿಗಳು ಥಟ್ಟನೆ ಎಚ್ಚತ್ತಿದ್ದವು. ಆತ ಬರೆದ ಲೇಖನವನ್ನು ಮೊದಲು ಒಂದು ಪ್ರತಿಷ್ಠಿತ ಪತ್ರಿಕೆ ಮಹತ್ವವಿಲ್ಲವೆಂದು ಹಿಂತಿರುಗಿಸಿತು. ಕೊನೆಗೆ ೧೯೬೨ರಲ್ಲಿ ಇನ್ನೊಂದು ಪತ್ರಿಕೆ ಅಚ್ಚುಹಾಕಿತು. (ಸಂಪಾದಕರ ಕಚೇರಿಗಳ ವಿಷಯವಾಗಿ ಹೆಚ್ಚು ಮಾತಾಡುವುದು ನನಗೆ ಕ್ಷೇಮವಲ್ಲ.) ಶಾಖ ತಗಲಿದಾಗ ಕೋಶದ ಇತರ ಪ್ರೋಟೀನುಗಳು ಮುದುಡಿ ಕೆಡದಂತೆ ಹಿಡಿದುಕೊಳ್ಳುವ ರಕ್ಷಕ ಪ್ರೋಟೀನುಗಳನ್ನು ಆ ವಂಶವಾಹಿಗಳು ತಯಾರಿಸುತ್ತವೆಂಬುದು ಆಮೇಲೆ ತಿಳಿಯಿತು. ನೊಣದಲ್ಲಿ ಕಂಡದ್ದು ರೇಷ್ಮೆಹುಳುವಿನಲ್ಲಿಯೂ ಉಂಟು, ಹಸುವಿನಲ್ಲಿಯೂ ಉಂಟು, ಈ ಪುಟವನ್ನು ಓದುತ್ತಿರುವವರಲ್ಲಿಯೂ ಉಂಟು.

ಶಾಖ ಬಂದಾಗ ಎದ್ದು, ಶಾಖ ಹೋದಾಗ ಮಲಗುವ ವಂಶವಾಹಿಯಲ್ಲಿ ಅಂಥ ಅಚ್ಚರಿಯೇನೂ ಇಲ್ಲವೆನ್ನಬಹುದು. ಸೆಕೆಯಾದರೆ ಬೀಸಣಿಗೆ ಹುಡುಕುತ್ತೇವೆ, ಅಷ್ಟೇ ತಾನೆ? ಅಚ್ಚರಿಯಿರುವುದು, ಇಂದಿನ ಶಾಖಕ್ಕೆ ಮುಂದಿನ ತಲೆಮಾರು ಉತ್ತರ ಕೊಡುವುದರಲ್ಲಿ. ಅದಕ್ಕೆ ರೇಷ್ಮೆಹುಳುವಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮೈಸೂರು ಸೀಮೆಗೆ ರೇಷ್ಮೆಯ ಸಾಕಣೆಯನ್ನು ತಂದು ಬೆಳೆಸಿದವನು ಟೀಪು ಸುಲ್ತಾನ. ಅದು ಹದಿನೆಂಟನೆಯ ಶತಮಾನದ ಕೊನೆಯ ಮಾತು. ಅಂದಿನಿಂದ ಈ ನೆಲಕ್ಕೆ ಒಗ್ಗಿದ ಹುಳುವೇ ‘ಮೈಸೂರು ತಳಿ’. ಗಟ್ಟಿ ಜೀವ, ಸಣ್ಣ ಗೂಡು. ಒಂದು ಗೂಡು ಬಿಚ್ಚಿದರೆ ಸುಮಾರು ನಾನೂರು ಮೀಟರು ಎಳೆ. ವರ್ಷದ ಯಾವ ತಿಂಗಳಲ್ಲಿ ಮೊಟ್ಟೆಯಿಟ್ಟರೂ ಹತ್ತು ಹನ್ನೆರಡು ದಿನಗಳಲ್ಲಿ ಮರಿ ಹೊರಬರುತ್ತದೆ. ಜಪಾನು, ಚೀನಗಳ ‘ದ್ವಿತಳಿ’ ಹುಳುವಾದರೋ ದೊಡ್ಡ ಬಿಳಿಯ ಗೂಡು ಕಟ್ಟುತ್ತದೆ; ಎಳೆ ಸಾವಿರ ಮೀಟರಿನ ಸುತ್ತ. ಆದರೆ ಅದಕ್ಕೊಂದು ತೊಡಕಿನ ಸ್ವಭಾವ. ಅದು ಇಡುವ ಮೊಟ್ಟೆ ಕೆಲವು ಸಲ ಕೂಡಲೆ ಒಡೆಯುತ್ತದೆ, ಕೆಲವು ಸಲ ತಿಂಗಳುಗಟ್ಟಲೆ ನಿದ್ರೆ ಹೋಗುತ್ತದೆ. ನಿದ್ರೆ ಹೋಗುವ ಮೊಟ್ಟೆ ಎರಡು ಮೂರು ದಿನಗಳಲ್ಲಿ ಕಪ್ಪುಗೆಂಪು ಬಣ್ಣಕ್ಕೆ ತಿರುಗುತ್ತದೆ. ಎಚ್ಚರವಿರುವ ಮೊಟ್ಟೆ ತೆಳುಹಳದಿಯಾಗಿಯೇ ಉಳಿಯುತ್ತದೆ.

ಈ ನಿದ್ರೆಯನ್ನು ನಿಶ್ಚಯಿಸುವವರು ಯಾರು? ಮೊಟ್ಟೆಯಲ್ಲ, ಅದರ ತಾಯಿ. ತಾಯಿಯಾದರೂ ಚಿಟ್ಟೆಯಾದ ಮೇಲೆ ಯೋಚಿಸಿ ನಿಶ್ಚಯಿಸುವುದಿಲ್ಲ. ತಾನು ಮೊಟ್ಟೆಯೊಳಗಿನ ಭ್ರೂಣವಾಗಿದ್ದಾಗ ಎಂಥ ಹವೆ ಇತ್ತೆಂಬುದನ್ನು ಅವಳ ಮೈ ಮರೆತಿರುವುದಿಲ್ಲ. ದ್ವಿತಳಿಯ ಮೊಟ್ಟೆಗಳನ್ನು ೨೫ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಬೆಳಕಿನಲ್ಲಿಟ್ಟು ಮರಿ ಮಾಡಿದರೆ, ಆ ಮರಿಗಳು ಬೆಳೆದು ಚಿಟ್ಟೆಯಾಗಿ ಇಡುವ ಮೊಟ್ಟೆಗಳೆಲ್ಲ ನಿದ್ರೆ ಹೋಗುತ್ತವೆ. ಅದೇ ತಳಿಯ ಮೊಟ್ಟೆಗಳನ್ನು ೧೫ ಡಿಗ್ರಿಯ ತಂಪಿನಲ್ಲಿ, ಕತ್ತಲೆಯಲ್ಲಿಟ್ಟು ಮರಿ ಮಾಡಿದರೆ, ಅವುಗಳ ಸಂತಾನ ನಿದ್ರೆಯಿಲ್ಲದೆ ಒಡೆಯುತ್ತದೆ. ನಡುವೆ ನಾಲ್ಕು ಜ್ವರಗಳನ್ನು ದಾಟಿ, ಹಣ್ಣಾಗಿ, ಚಂದ್ರಿಕೆಯೇರಿ, ಗೂಡು ಕಟ್ಟಿ, ಕೋಶವಾಗಿ, ಚಿಟ್ಟೆಯಾಗಿ ಹೊರಬಂದಿದೆ. ಸುಮಾರು ಒಂದೂವರೆ ತಿಂಗಳ ಕಾಲ ಮೊಟ್ಟೆಯ ದಿನಗಳ ಬಿಸಿ ಅದರೊಳಗೆ ನೆನಪಾಗಿ ಕುಳಿತಿದೆ. (ನಗರದ ಓದುಗರು ಗಾಬರಿಯಾಗಬಾರದು, ಹುಳು ಪೊರೆ ಬಿಡುವುದನ್ನೇ ನಮ್ಮ ರೈತರು ಜ್ವರ ಎನ್ನುತ್ತಾರೆ.)

ಈ ನೆನಪಿನ ಯಂತ್ರವನ್ನು ಬಿಚ್ಚಿನೋಡಿದವರು ಜಪಾನಿಗಳು. ತಾಯಿಯ ತಲೆಯ ಭಾಗದಲ್ಲಿರುವ ಒಂದು ನರಗ್ರಂಥಿಯಿಂದ ಹೊರಡುವ ರಸವೇ ಮೊಟ್ಟೆಗಳನ್ನು ಮಲಗಿಸುತ್ತದೆಂದು ಫುಕುದಾ ಮತ್ತು ಹಸೆಗಾವಾ ಎಂಬ ಇಬ್ಬರು ೧೯೫೧ರಲ್ಲಿ ಬೇರೆಬೇರೆಯಾಗಿ ತೋರಿಸಿದರು. ಆ ರಸವನ್ನು ತಯಾರಿಸುವ ವಂಶವಾಹಿ ಎಲ್ಲ ಹೆಣ್ಣು ಹುಳುಗಳಲ್ಲಿಯೂ ಇದೆ. ಬಿಸಿಯಲ್ಲಿ ಬೆಳೆದ ಭ್ರೂಣ ಮುಂದೆ ಕೋಶವಾದಾಗ ಅದು ಜೋರಾಗಿ ವ್ಯಕ್ತವಾಗುತ್ತದೆ, ತಂಪಿನಲ್ಲಿ ಬೆಳೆದದ್ದರಲ್ಲಿ ಮೆತ್ತಗಿರುತ್ತದೆ. ಭ್ರೂಣಕ್ಕೆ ಬಿಸಿಯನ್ನು ತಿಳಿಸುವ ಬಾಗಿಲಾವುದೆಂಬುದನ್ನೂ ಜಪಾನಿನ ಸಂಶೋಧಕರು ೨೦೧೪ರಲ್ಲಿ ಪ್ರಕಟಿಸಿದರು: ಸುಮಾರು ೨೧ ಡಿಗ್ರಿ ದಾಟಿದೊಡನೆ ತೆರೆದುಕೊಳ್ಳುವ ಒಂದು ಸಣ್ಣ ಪ್ರೋಟೀನು. ನಮಗೆ ಬಿಸಿಯೇ ಅಲ್ಲದ ಬಿಸಿ ಅದು. ಹಾಸನದ ಮುಂಜಾವಿಗೂ ನಡುಹಗಲಿಗೂ ಇರುವಷ್ಟು ಅಂತರ.

ಪ್ರಕೃತಿಯ ಲೆಕ್ಕಾಚಾರ ಸ್ಪಷ್ಟವಾಗಿದೆ. ಜಪಾನಿನಲ್ಲಿ ವಸಂತದ ತಂಪಿನಲ್ಲಿ ಕಣ್ತೆರೆದ ಹುಳುವಿನ ಮುಂದೆ ಬೇಸಿಗೆಯಿಡೀ ಉಂಟು, ಸೊಪ್ಪೂ ಉಂಟು. ಅದರ ಮೊಟ್ಟೆ ಕೂಡಲೆ ಒಡೆಯಲಿ. ಬೇಸಿಗೆಯ ಬಿಸಿಯಲ್ಲಿ ಕಣ್ತೆರೆದದ್ದು ಮೊಟ್ಟೆಯಿಡುವ ವೇಳೆಗೆ ಶರತ್ಕಾಲ. ಮರಿ ಹೊರಬಂದರೆ ಸೊಪ್ಪಿಲ್ಲದೆ, ಹಿಮದಲ್ಲಿ ಸಾಯುತ್ತದೆ. ಆದ್ದರಿಂದ ಮಲಗಲಿ. ಇಂಥ ಹುಳುವನ್ನು ತಂದು ಚನ್ನರಾಯಪಟ್ಟಣದಲ್ಲಿ ಬಿಟ್ಟರೇನಾಗುತ್ತದೆ? ಇಲ್ಲಿ ಸದಾ ಬೆಚ್ಚಗೆ. ತಲೆಮಾರಿನ ಮೇಲೆ ತಲೆಮಾರು ಭ್ರೂಣ ಕಾಣುವುದು ಬೇಸಿಗೆಯನ್ನೇ. ತಾಯಿ ತಪ್ಪದೆ ಮಕ್ಕಳನ್ನು ಮಲಗಿಸುತ್ತಾಳೆ, ಎಂದೂ ಬಾರದ ಒಂದು ಹಿಮಗಾಲಕ್ಕಾಗಿ! ನಮ್ಮ ಬಿತ್ತನೆ ಕೋಠಿಗಳಲ್ಲಿ ದ್ವಿತಳಿಯ ಮೊಟ್ಟೆಗಳನ್ನು ಇಟ್ಟ ಸುಮಾರು ಇಪ್ಪತ್ತು ಗಂಟೆಗಳೊಳಗಾಗಿ ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವು ನಿಮಿಷ ಅದ್ದಿ ತೆಗೆಯುವುದು, ಇಲ್ಲವೆ ಶೀತಾಗಾರದಲ್ಲಿ ತಿಂಗಳುಗಟ್ಟಲೆ ಇಟ್ಟು ಹುಸಿ ಹಿಮಗಾಲವನ್ನು ತೋರಿಸುವುದು, ಈ ನಿದ್ರೆಯನ್ನು ಕಳೆಯುವುದಕ್ಕೇ.

ಇದಕ್ಕಿಂತ ಜಾಣತನದ ಉಪಾಯವನ್ನು ಮೈಸೂರು ಸಂಸ್ಥಾನ ೧೯೨೦ರ ದಶಕದಲ್ಲಿಯೇ ಕಂಡುಕೊಂಡಿತ್ತು. ಜಪಾನಿನ ತಜ್ಞ ಯೋನೆಮುರಾ ಇಲ್ಲಿ ಕೆಲಸ ಮಾಡಿದ ಕಾಲ ಅದು. ಹೆಣ್ಣು ಮೈಸೂರು ತಳಿಯದು, ಗಂಡು ಪರದೇಶದ್ದು. ಹೀಗೆ ಕೂಡಿಸಿದ ಮಿಶ್ರತಳಿಯ ಮೊಟ್ಟೆ ನಿದ್ರೆ ಹೋಗುವುದಿಲ್ಲ, ಏಕೆಂದರೆ ನಿದ್ರೆಯ ಅಧಿಕಾರ ತಾಯಿಯದು, ಮೈಸೂರಿನ ತಾಯಿಗೆ ಮಲಗಿಸುವ ಅಭ್ಯಾಸವಿಲ್ಲ. ಅದಲುಬದಲು ಮಾಡಿ, ತಾಯಿಯನ್ನು ಪರದೇಶದವಳನ್ನಾಗಿ ಮಾಡಿದರೆ, ಅದೇ ಎರಡು ತಳಿಗಳ ರಕ್ತವಿದ್ದರೂ ಮೊಟ್ಟೆ ಮಲಗಿಬಿಡುತ್ತದೆ. ಕರ್ನಾಟಕದ ರೈತರು ದಶಕಗಳ ಕಾಲ ಸಾಕಿದ ಮಿಶ್ರತಳಿಯ ಬೆಳೆಯೆಲ್ಲ ಈ ಒಂದು ಗುಟ್ಟಿನ ಮೇಲೆ ನಿಂತದ್ದು. ಮನೆಯ ಪೆಟ್ಟಿಗೆಯಲ್ಲಿರುವ ಮದುವೆಯ ಸೀರೆಯನ್ನು ಮುಟ್ಟಿನೋಡುವಾಗ ಗಾದೆಯ ಎರಡು ಭಾಗಗಳೂ ಒಂದೇ ಎಳೆಯಲ್ಲಿ ಹೊಸೆದುಕೊಂಡಿರುವುದನ್ನು ಗಮನಿಸಬಹುದು.

ಹುಳುವಿನಿಂದ ಹಸುವಿಗೆ ಹೋಗುವ ಮೊದಲು, ದಾರಿಯಲ್ಲಿ ಹೊಳೆ ಸಿಕ್ಕಿತೆಂದು ಒಂದು ಮಾತು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಯಾತ್ರಿಕರು ಮೀನುಗಳಿಗೆ ಪುರಿ ಎಸೆಯುವ ಕಾವೇರಿ, ಕೆಳಗೆ ಹರಿದು ರಂಗನತಿಟ್ಟಿಗೆ ಬಂದರೆ ಮೊಸಳೆಗಳ ತಾಣ. ಮೊಸಳೆ ದಂಡೆಯಲ್ಲಿ ಹಳ್ಳ ತೋಡಿ ಮೊಟ್ಟೆಯಿಡುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ನಿಶ್ಚಯಿಸುವುದು ಆ ಹಳ್ಳದ ಬಿಸಿ! ಮದರಾಸಿನ ಮೊಸಳೆ ಉದ್ಯಾನದಲ್ಲಿ ನಡೆದು ೧೯೮೯ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ, ೨೮ರಿಂದ ೩೧ ಡಿಗ್ರಿಯವರೆಗಿನ ಶಾಖದಲ್ಲಿಟ್ಟ ಮೊಟ್ಟೆಗಳಿಂದ ಹೆಣ್ಣು ಮರಿಗಳೇ ಬಂದವು, ೩೨.೫ ಡಿಗ್ರಿಯ ಸುಮಾರಿಗೆ ಗಂಡು. ಒಂದೂವರೆ ಡಿಗ್ರಿಯಲ್ಲಿ ಸಂಸಾರದ ಸ್ವರೂಪವೇ ಬದಲು. ಹಳ್ಳ ನೆರಳಿನಲ್ಲಿರಬೇಕೋ ಬಿಸಿಲಿನಲ್ಲಿರಬೇಕೋ ಎಂದು ಆರಿಸುವವಳು ತಾಯಿ. ಭೂಮಿಯ ಬಿಸಿ ಏರುತ್ತಿರುವ ಈ ದಿನಗಳಲ್ಲಿ ಅವಳ ಆಯ್ಕೆ ಸುಲಭವಲ್ಲ.

ಇನ್ನು ಹಸು. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನದ ಜಾತ್ರೆಯನ್ನು ನೋಡಿದವರು ಹಳ್ಳಿಕಾರ್ ಎತ್ತುಗಳ ನಿಲುವನ್ನು ಮರೆಯಲಾರರು. ಹಿಂದಕ್ಕೆ ಬಾಗಿ ಮೇಲೇರಿದ ಉದ್ದನೆಯ ಕೊಂಬು, ಬಿಗಿಯಾದ ಬೂದುಬಣ್ಣದ ಮೈ, ಎದ್ದುಕಾಣುವ ಹಿಣಿಲು. ೨೦೦೦ದಲ್ಲಿ ಈ ತಳಿಯ ಚಿತ್ರವನ್ನು ಅಂಚೆಚೀಟಿಯ ಮೇಲೆಯೂ ಅಚ್ಚುಹಾಕಿದರು. ಆದರೆ ಹಳ್ಳಿಕಾರ್ ದುಡಿಮೆಯ ತಳಿ. ಹಾಲು ಕರುವಿಗೂ ಮನೆಯ ಕಾಫಿಗೂ ಸಾಕಾದರೆ ಹೆಚ್ಚು. ೧೯೭೦ರ ದಶಕದಿಂದ ಈಚೆಗೆ ಹಾಲಿನ ಸಹಕಾರ ಸಂಘಗಳು ಊರೂರಿಗೂ ಬಂದವು. ಡೆನ್ಮಾರ್ಕಿನ ನೆರವಿನೊಡನೆ ಹೆಸರಘಟ್ಟದಲ್ಲಿ ಬೆಳೆದ ಘನೀಕೃತ ವೀರ್ಯದ ಕೇಂದ್ರದಂಥ ಸಂಸ್ಥೆಗಳಿಂದ ಹೋಲ್‌ಸ್ಟೀನ್ ಹೋರಿಯ ಸಂತಾನ ಹಳ್ಳಿಗಳಿಗೆ ಹರಡಿತು. ಹಾಸನದ ತಂಪು ಆ ಕಪ್ಪುಬಿಳುಪಿನ ಹಸುವಿಗೆ ಒಪ್ಪಿತು. ಇಂದು ಬೆಳಗ್ಗೆ ಸಂಜೆ ಡೈರಿಯ ಮುಂದೆ ಕ್ಯಾನು ಹಿಡಿದು ನಿಲ್ಲುವ ಹೆಂಗಸರ ಸಾಲಿನಲ್ಲಿ ಎಷ್ಟೋ ಸಂಸಾರಗಳ ಶಾಲೆಯ ಶುಲ್ಕ, ಔಷಧಿಯ ಖರ್ಚು, ಮದುವೆಯ ಸಾಲದ ಕಂತು ನಿಂತಿರುತ್ತದೆ.

ಹಾಲೆಂಡಿನ ಈ ಹಸುವಿಗೆ ಸುಮಾರು ೨೫ ಡಿಗ್ರಿ ದಾಟಿದರೆ ಕಸಿವಿಸಿ ಶುರು. ಅದರ ಹೊಟ್ಟೆಯೇ ಒಂದು ಒಲೆ. ಮೇವು ಕೊಳೆತು ಜೀರ್ಣವಾಗುವಾಗಲೂ ಹಾಲು ತಯಾರಾಗುವಾಗಲೂ ಶಾಖ ಹುಟ್ಟುತ್ತದೆ. ಹೊರಗೂ ಬಿಸಿಯಾದರೆ ಹಸು ಮೇವನ್ನು ಬಿಟ್ಟು ತೇಕುತ್ತ ನಿಲ್ಲುತ್ತದೆ, ರಿಟೊಸ್ಸಾ ಕಂಡ ಆ ರಕ್ಷಕ ವಂಶವಾಹಿಗಳು ಅದರ ರಕ್ತಕಣಗಳಲ್ಲಿ ಎದ್ದು ಕೆಲಸಕ್ಕೆ ತೊಡಗುತ್ತವೆ, ಹಾಲು ಇಳಿಯುತ್ತದೆ. ಹಿಣಿಲಿನ ದನಗಳಿಗೆ ಈ ಕಷ್ಟ ಕಡಿಮೆ. ಅಮೆರಿಕದ ಫ್ಲಾರಿಡಾದಲ್ಲಿ ಬ್ರಾಹ್ಮನ್ ಎಂಬ ತಳಿಯ ಭ್ರೂಣಗಳನ್ನೂ ಹೋಲ್‌ಸ್ಟೀನ್ ಭ್ರೂಣಗಳನ್ನೂ ೪೧ ಡಿಗ್ರಿಯ ಶಾಖದಲ್ಲಿಟ್ಟು ನೋಡಿದಾಗ ಬ್ರಾಹ್ಮನ್ ಹೆಚ್ಚು ತಡೆದುಕೊಂಡಿತು. ಆ ಬ್ರಾಹ್ಮನ್ ತಳಿಯ ಮೂಲ ನಮ್ಮ ದೇಶದ್ದೇ. ಗೀರ್, ಒಂಗೋಲುಗಳ ಜೊತೆಗೆ ನಮ್ಮ ಕೃಷ್ಣಾತೀರದ ದನದ ರಕ್ತವೂ ಅದರಲ್ಲಿ ಸೇರಿದೆ. ನಾವು ಕಳಿಸಿದ್ದು ಅಲ್ಲಿ, ಅವರು ಕಳಿಸಿದ್ದು ಇಲ್ಲಿ!

ಇಷ್ಟನ್ನು ಹಸು ಕಟ್ಟಿದ ಯಾವ ಮನೆಯವರೂ ಬಲ್ಲರು. ಚೈತ್ರ ವೈಶಾಖದಲ್ಲಿ ಹಾಲು ಕಡಿಮೆಯಾದರೆ ‘ಬಿಸಿಲು, ಮಳೆ ಬಿದ್ದರೆ ಸರಿಹೋಗುತ್ತೆ’ ಎಂದು ಸುಮ್ಮನಾಗುತ್ತಾರೆ. ಹೆಚ್ಚಾಗಿ ಸರಿಹೋಗುತ್ತದೆ ಕೂಡ. ಮಳೆಗೆ ಸರಿಹೋಗದ ಸಂಗತಿ ಬೇರೆಯೊಂದಿದೆ.

ಕರು ಹಾಕುವುದಕ್ಕೆ ಎರಡು ತಿಂಗಳ ಮುಂಚೆ ಹಾಲು ಬತ್ತಿಸುತ್ತಾರೆ. ಆಗ ಹಸುವಿನಿಂದ ಮನೆಗೆ ಕಾಸಿನ ಆದಾಯವಿಲ್ಲ. ಹಿಂಡಿ ಬೂಸ ಮೊದಲು ಕರೆಯುವ ಹಸುವಿಗೆ. ಫ್ಯಾನು ಇದ್ದರೆ ಅದರ ಗಾಳಿಯೂ ಕರೆಯುವ ಹಸುವಿಗೆ. ತುಂಬು ಗಬ್ಬದ ಹಸುವನ್ನು ಕೊಟ್ಟಿಗೆಯ ಕೊನೆಗೆ, ತಗಡಿನ ಮಾಡಿನ ಅಡಿಗೆ, ಇಲ್ಲವೆ ಹೊರಗಿನ ಗೂಟಕ್ಕೆ ಕಟ್ಟುತ್ತಾರೆ. ಇದರಲ್ಲಿ ಕ್ರೌರ್ಯವೇನಿಲ್ಲ; ಬಡತನದ ಲೆಕ್ಕ. ಆದರೆ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ.

ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಡಾಲ್ ಮತ್ತು ಸಂಗಡಿಗರು ಹತ್ತು ವರ್ಷಗಳ ಬೇಸಿಗೆಗಳಲ್ಲಿ ಇದನ್ನೇ ಪರೀಕ್ಷಿಸಿದರು. ಬತ್ತಿಸಿದ ಗಬ್ಬದ ಹಸುಗಳಲ್ಲಿ ಕೆಲವಕ್ಕೆ ನೆರಳು ಮಾತ್ರ. ಮಿಕ್ಕವಕ್ಕೆ ನೆರಳು, ಫ್ಯಾನು, ಮೇಲೆ ನೀರಿನ ಸಿಂಪರಣೆ. ಅಂತರವಿದ್ದದ್ದು ಕೊನೆಯ ಆರೇಳು ವಾರ ಮಾತ್ರ. ಹುಟ್ಟಿದ ಕರುಗಳನ್ನು ಆಮೇಲೆ ಒಂದೇ ರೀತಿಯಾಗಿ ಸಾಕಿದರು. ತಾಯಿಯ ಹೊಟ್ಟೆಯಲ್ಲಿ ಬಿಸಿಲುಂಡ ಹೆಣ್ಣುಕರುಗಳು ದೊಡ್ಡವಾಗಿ ಕರು ಹಾಕಿದಾಗ, ತಂಪಿನಲ್ಲಿದ್ದ ತಾಯಂದಿರ ಮಕ್ಕಳಿಗಿಂತ ಮೊದಲನೆಯ ಕರಾವಿನಲ್ಲಿ ದಿನಕ್ಕೆ ಎರಡು ಕಿಲೋಗ್ರಾಮಿಗೂ ಮೇಲ್ಪಟ್ಟು ಕಡಿಮೆ ಹಾಲು ಕೊಟ್ಟವು. ಮುಂದಿನ ಕರಾವುಗಳಲ್ಲಿಯೂ ಕೊರತೆ ತೀರಲಿಲ್ಲ. ೨೦೨೦ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಮೊಮ್ಮಕ್ಕಳಲ್ಲಿಯೂ ಕೊರತೆ ಕಂಡಿತು. ಅಂಥ ಕರುಗಳ ಯಕೃತ್ತಿನಲ್ಲಿಯೂ ಕೆಚ್ಚಲಿನಲ್ಲಿಯೂ ಡಿ.ಎನ್.ಎ.ಗೆ ಅಂಟಿಕೊಳ್ಳುವ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳು ಬೇರೆಯಾಗಿದ್ದವು. ಪಂಚಾಂಗದ ಅಕ್ಷರ ಅಳಿಸಿಲ್ಲ. ಆದರೆ ಕೆಲವು ಪುಟಗಳ ಮೂಲೆ ಮಡಿಸಿದೆ, ಕೆಲವು ಪುಟಗಳು ಅಂಟಿಕೊಂಡಿವೆ. ಫ್ಲಾರಿಡಾದ ಹಸು ನಮ್ಮ ಹಳ್ಳಿಯ ಹಸುವಿಗಿಂತ ಬಹಳ ಹೆಚ್ಚು ಹಾಲಿನದು, ಅಲ್ಲಿನ ಸೆಕೆ ಹಾಸನದ್ದಕ್ಕಿಂತ ತೀವ್ರ. ಅಂಕಿಗಳನ್ನು ಹಾಗೆಯೇ ತಂದು ಹೊಳೆನರಸೀಪುರದ ಕೊಟ್ಟಿಗೆಗೆ ಹಚ್ಚಲಾಗದು. ದಿನಕ್ಕೆ ಅರ್ಧ ಲೀಟರೆಂದೇ ಇಟ್ಟುಕೊಳ್ಳಿ. ಮುನ್ನೂರು ದಿನದ ಕರಾವಿನಲ್ಲಿ ನೂರೈವತ್ತು ಲೀಟರು. ಒಂದೇ ಹಸುವಿರುವ ಮನೆಗೆ ಅದೇನು ಸಣ್ಣ ಮೊತ್ತವೆ? ಅದರ ಮೇಲೆ ಬೈಗುಳವೆಲ್ಲ ಹೋರಿಗೆ, ಇಲ್ಲವೆ ಸೂಜಿ ಹಾಕಿದವರಿಗೆ.

‘ಹಾಗಾದರೆ ಗಳಿಸಿಕೊಂಡ ಗುಣವೆಲ್ಲ ವಂಶಕ್ಕೆ ಇಳಿಯುತ್ತದೆಯೊ?’ ಎಂದು ಓದಿದವರು ಯಾರಾದರೂ ಕೇಳಬಹುದು. ಆ ಜಾರುದಾರಿಯಲ್ಲಿ ಹೋಗಬಾರದು. ರಷ್ಯದಲ್ಲಿ ಲೈಸೆಂಕೊ ಎಂಬಾತ ಗೋಧಿಯ ಬೀಜಕ್ಕೆ ಚಳಿ ತೋರಿಸಿ ಜಾತಿಯನ್ನೇ ಬದಲಾಯಿಸುವೆನೆಂದು ಹೊರಟು, ಸರ್ಕಾರದ ಬಲದಿಂದ ತಳಿಶಾಸ್ತ್ರವನ್ನೇ ತುಳಿದ. ಅವನನ್ನು ವಿರೋಧಿಸಿದ ಮಹಾವಿಜ್ಞಾನಿ ವಾವಿಲೋವ್ ೧೯೪೩ರಲ್ಲಿ ಸೆರೆಮನೆಯಲ್ಲಿ ಸತ್ತರು. ಹಸುವಿನ ವಿಷಯದಲ್ಲಿ ಮೊಮ್ಮಗಳವರೆಗೆ ಬಿಸಿ ಮುಟ್ಟಲು ಮಾಯೆಯೇನೂ ಬೇಕಿಲ್ಲ. ಹೆಣ್ಣುಕರು ತಾಯಿಯ ಗರ್ಭದಲ್ಲಿರುವಾಗಲೇ ಅದರ ಅಂಡಾಶಯದಲ್ಲಿ ಮುಂದಿನ ಅಂಡಗಳೆಲ್ಲ ಮೂಡಿರುತ್ತವೆ. ಎಂದರೆ, ಬಿಸಿಲಿನಲ್ಲಿ ತೇಕುತ್ತ ನಿಂತ ಒಂದು ಗಬ್ಬದ ಹಸುವಿನಲ್ಲಿ ಅಜ್ಜಿ, ಮಗಳು, ಮೊಮ್ಮಗಳಾಗಬೇಕಾದ ಅಂಡ, ಮೂವರೂ ನಿಂತಿರುತ್ತಾರೆ. ಒಂದೇ ಬಿಸಿಲು ಮೂವರಿಗೂ ತಗಲುತ್ತದೆ. ಹಾಗೆ ಬಿದ್ದ ಗುರುತು ಎಂದೆಂದಿಗೂ ಉಳಿಯುವುದೆಂದು ಯಾರೂ ಹೇಳಿಲ್ಲ. ರೇಷ್ಮೆಹುಳುವಿನಲ್ಲಿಯಂತೂ ಪ್ರತಿ ತಲೆಮಾರಿನ ಭ್ರೂಣವೂ ತಾನು ಕಂಡ ಹವೆಯಿಂದ ಹೊಸದಾಗಿ ಲೆಕ್ಕ ಹಾಕಿಕೊಳ್ಳುತ್ತದೆ.

ಮನುಷ್ಯರ ಮಾತೇನು ಎಂದು ಮನೆಯ ಹೆಂಗಸರು ಕೇಳದೆ ಬಿಡುವುದಿಲ್ಲ. ಹಾಸನದಿಂದ ಬಹುದೂರವಲ್ಲದ ಮೈಸೂರಿನಲ್ಲಿಯೇ ಅದಕ್ಕೊಂದು ದಾಖಲೆಯಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಸೂಲಗಿತ್ತಿಯರು ಒಪ್ಪವಾಗಿ ಬರೆದಿಟ್ಟಿದ್ದರು. ಆ ಕೂಸುಗಳು ನಡುವಯಸ್ಸು ದಾಟಿದ ಮೇಲೆ ಅವರಲ್ಲಿ ಐನೂರಕ್ಕೂ ಹೆಚ್ಚು ಜನರನ್ನು ವೈದ್ಯರು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚೆಂದು ೧೯೯೬ರಲ್ಲಿ ಪ್ರಕಟವಾಯಿತು. ಬಸುರಿಯನ್ನು ತಂಪಾಗಿಟ್ಟು, ಬಯಸಿದ್ದನ್ನು ತಿನ್ನಿಸಿ, ತವರಿಗೆ ಕರೆದೊಯ್ಯುವ ಪದ್ಧತಿಯನ್ನು ಹಳೆಯ ಕಾಲದ್ದೆಂದು ನಗುವವರು ಈ ದಾಖಲೆಯನ್ನು ಒಮ್ಮೆ ನೋಡಲಿ.

ಹಸುವಿಗೆ ತವರಿಲ್ಲ. ಅದಕ್ಕಿರುವುದು ಕೊಟ್ಟಿಗೆ, ಮತ್ತು ಒಡೆಯನ ಪಂಚಾಂಗ. ಗಬ್ಬದ ಅವಧಿ ಸುಮಾರು ೨೮೦ ದಿನ. ಶ್ರಾವಣದಲ್ಲಿ ಬೆದೆಗೆ ಬಂದು ಗಬ್ಬ ನಿಂತ ಹಸು ಮೇ ತಿಂಗಳಿನ ಕೊನೆಗೆ ಈಯುತ್ತದೆ. ಅದರ ಕೊನೆಯ ಎರಡು ತಿಂಗಳು ವರ್ಷದಲ್ಲೆಲ್ಲ ಸುಡುವ ಕಾಲ. ದೀಪಾವಳಿಯ ಸುಮಾರಿಗೆ ಗಬ್ಬ ನಿಂತದ್ದು ಆಗಸ್ಟಿನಲ್ಲಿ ಈಯುತ್ತದೆ. ಅದರ ಹೊಟ್ಟೆಯ ಕರು ಕೊನೆಯ ದಿನಗಳನ್ನು ಜಿಟಿಜಿಟಿ ಮಳೆಯ ತಂಪಿನಲ್ಲಿ ಕಳೆಯುತ್ತದೆ. ಹಾಗೆಂದು ಬೆದೆಗೆ ಬಂದ ಹಸುವನ್ನು ದೀಪಾವಳಿಯವರೆಗೆ ಕಾಯಿಸುವುದು ಒಂದು ಹಸುವಿನ ಮನೆಗೆ ಆಗದ ಮಾತು. ಒಂದು ಬೆದೆ ತಪ್ಪಿದರೆ ಇಪ್ಪತ್ತೊಂದು ದಿನದ ನಷ್ಟ. ಆಗುವ ಮಾತೆಂದರೆ ಜಾಗದ ಅದಲುಬದಲು. ಶ್ರಾವಣದ ಸೂಜಿಯ ಹಸುವನ್ನು ಗುರುತಿಟ್ಟುಕೊಂಡು, ಯುಗಾದಿಯ ಹೊತ್ತಿಗೆ ಹಾಲು ಬತ್ತಿಸಿದೊಡನೆ, ತಗಡಿನ ಕೆಳಗಿನಿಂದ ಬಿಚ್ಚಿ ಹೊಂಗೆಯ ಮರದ ಅಡಿಗೆ ಕಟ್ಟುವುದು. ಫ್ಲಾರಿಡಾದಲ್ಲಿ ನೆರಳೊಂದೇ ಸಾಲದೆ ಹೋದದ್ದರಿಂದ, ನಡುಹಗಲಲ್ಲಿ ಎರಡು ಸಲ ಮೈಮೇಲೆ ನೀರು ಹುಯ್ದು ಗಾಳಿಗೆ ಬಿಡುವುದು. ಕುಡಿಯುವ ಬಾನಿಯನ್ನು ಬರಿದಾಗಗೊಡದಿರುವುದು. ಚನ್ನರಾಯಪಟ್ಟಣದ ಬಯಲಿನಲ್ಲಿ ಇದು ಅರಕಲಗೂಡಿಗಿಂತ ಹೆಚ್ಚು ಅಗತ್ಯ. ಖರ್ಚು ಎಂದರೆ ಕೆಲವು ಕೊಡ ನೀರು, ಮತ್ತು ಹೊತ್ತುಹಾಕುವವರ ತೋಳು. ಬೇಸಿಗೆಯಲ್ಲಿ ಆ ಕೊಡಗಳನ್ನು ಹೊರುವವರು ಸಾಮಾನ್ಯವಾಗಿ ಯಾರೆಂಬುದನ್ನು ಬಲ್ಲವರು, ಈ ಸಲಹೆಯನ್ನು ಮನೆಯ ಗಂಡಸರ ಎದುರಿಗೆ ಗಟ್ಟಿಯಾಗಿ ಓದಿ ಹೇಳಬೇಕೆಂದು ವಿನಂತಿ.